ಕಪ್ ಕಡಿಮೆಯಾದರೂ ಪರವಾಗಿಲ್ಲ, ಕೆಲಸ ಜಾಸ್ತಿ ಕೊಡಿ

ಹೈಸ್ಕೂಲಿನ ಬಹುಮಾನ ವಿತರಣೆ, ವಾರ್ಷಿಕೋತ್ಸವ, ಆಟೋಟ, ಇವುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳನ್ನು ನೋಡಿದರೆ ಎಲ್ಲರ ಹೊಟ್ಟೆಯೊಳಗೂ ಏನೋ ಒಂದು ಕುದಿಯುತ್ತಿತ್ತು ಅನಿಸುತ್ತದೆ. ಬಹುಮಾನ ಬಂದವರ ಮನೆಯಿಂದಲೂ ದೂರು, ಬರದವರ ಮನೆಯಿಂದಲೂ ದೂರು, ಕೊಟ್ಟವರದ್ದಂತೂ ಎಲ್ಲರಿಗಿಂತ ದೊಡ್ಡ ದೂರು. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಮಕ್ಕಳ ವಿಷಯ ಅಲ್ವಾ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಶಿಕ್ಷಕಿ. ನಮ್ಮಲ್ಲಿ ಪ್ರತಿ ವರ್ಷ ಬಹುಮಾನ ವಿತರಣೆಗೇ ಎರಡು ಗಂಟೆ ಹಿಡಿಯುತ್ತದೆ. ಹತ್ತೋ ಹನ್ನೆರಡೋ ಮಕ್ಕಳು ಸ್ಟೇಜ್ ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಅವರೇ ಹತ್ತುತ್ತಾರೆ. ಉಳಿದ ಐನೂರು ಮಕ್ಕಳು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಈ ಸಲ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್ ಕೊಡೋಣ ಅಂದೆ. ಸ್ಟಾಫ್ ರೂಮಿನಲ್ಲಿ ದೊಡ್ಡ ಜಗಳವೇ ಆಯಿತು. ಯಾರು ಸರಿ?

ಉತ್ತರ: ರೋಗ ಸರಿಯಾಗಿ ಹಿಡಿದಿದ್ದೀರಿ, ಮದ್ದು ತಪ್ಪಿದೆ. ಎಲ್ಲರಿಗೂ ಹಂಚಿದ ಕಾಗದದ ಬೆಲೆ ಎಷ್ಟು ಅಂತ ಹದಿನಾಲ್ಕು ವರ್ಷದ ಹುಡುಗನಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಂಜೆ ಹೊತ್ತಿಗೆ ಅದು ವಿಮಾನವಾಗಿ ಮೈದಾನದಲ್ಲಿ ಹಾರಾಡುತ್ತಿರುತ್ತದೆ. ಹಾಗಂತ ನಿಮ್ಮ ವಿರುದ್ಧ ವಾದ ಮಾಡಿದವರು ಗೆದ್ದರು ಅಂತಲೂ ತಿಳಿಯಬೇಡಿ. ಐನೂರು ಮಕ್ಕಳನ್ನು ಎರಡು ಗಂಟೆ ಚಪ್ಪಾಳೆಗೆ ಅಂತ ಕೂರಿಸಿದರೆ ಅದನ್ನು ಸಂಭ್ರಮ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಎಷ್ಟು ಮಕ್ಕಳಿಗೆ ಬಹುಮಾನ ಬಂತು ಅಂತ ಎಣಿಸುವುದನ್ನು ಒಂದು ವರ್ಷ ಬಿಟ್ಟುಬಿಡಿ. ಆ ದಿನ ಶಾಲೆಗೆ ಬರದೇ ಹೋಗಿದ್ದರೆ ಯಾವುದೋ ಒಂದು ಕೆಲಸ ನಿಂತೇ ಹೋಗುತ್ತಿತ್ತು ಅನ್ನುವಂಥ ಮಕ್ಕಳು ಎಷ್ಟು ಜನ ಇದ್ದರು ಅಂತ ಎಣಿಸಿ. ನಿಮ್ಮ ಸಂಖ್ಯೆ ಮೂವತ್ತು ದಾಟಿದರೆ ನನಗೆ ಬರೆದು ತಿಳಿಸಿ.

ಇದು ನಾನು ಕೂತಲ್ಲೇ ಹೊಸೆದ ಮಾತಲ್ಲ. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೈಸ್ಕೂಲುಗಳನ್ನು ವರ್ಷಗಟ್ಟಲೆ ನೋಡಿ 1964ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ನೋಡಿದ ಅತಿ ಚಿಕ್ಕ ಶಾಲೆಯಲ್ಲಿ ಇದ್ದದ್ದು ಬರೀ 35 ಮಕ್ಕಳು, ಅತಿ ದೊಡ್ಡದರಲ್ಲಿ ಎರಡು ಸಾವಿರಕ್ಕೂ ಹೆಚ್ಚು. ದೊಡ್ಡ ಶಾಲೆಯಲ್ಲಿ ಕಾರ್ಯಕ್ರಮಗಳು ಜಾಸ್ತಿ ಇದ್ದವು, ಅದು ಸಹಜವೇ. ಆದರೆ ಜವಾಬ್ದಾರಿ ಹೊತ್ತ ಮಕ್ಕಳ ಲೆಕ್ಕ ಹಾಕಿದಾಗ ಚಿಕ್ಕ ಶಾಲೆಯೇ ಮುಂದಿತ್ತು. ನಾಟಕಕ್ಕೆ ಹತ್ತು ಪಾತ್ರ ಬೇಕು, ಇರುವುದೇ ಮೂವತ್ತೈದು ಮಕ್ಕಳು ಅಂದರೆ ಏನಾಗುತ್ತದೆ? ಮಾತು ತೊದಲುವವನನ್ನೂ ಕರೆಯಲೇಬೇಕು. ಫುಟ್‌ಬಾಲ್ ತಂಡಕ್ಕೆ ಆಳು ಸಾಲದೇ ಹೋದಾಗ ಓಡಲು ಬಾರದವನೂ ಗೋಲ್ ಮುಂದೆ ನಿಲ್ಲುತ್ತಾನೆ. ಓದಿನಲ್ಲಿ ಹಿಂದೆ ಇದ್ದ ಮಕ್ಕಳು ಕೂಡ ಚಿಕ್ಕ ಶಾಲೆಯಲ್ಲಿ 'ನಾನು ಹೋಗಲೇಬೇಕು, ಇಲ್ಲದಿದ್ದರೆ ಅವರಿಗೆ ಕಷ್ಟ' ಅಂದುಕೊಳ್ಳುತ್ತಿದ್ದರು. ಅಂಥದ್ದೇ ಮಕ್ಕಳು ದೊಡ್ಡ ಶಾಲೆಯಲ್ಲಿ ಹೊರಗಿನವರ ಹಾಗೆ ಇದ್ದರು. ನಾನು ಮಾಡಿದೆ, ನಾನು ಕಲಿತೆ ಅಂತ ಚಿಕ್ಕ ಶಾಲೆಯವರು ಹೇಳಿಕೊಂಡರೆ, ದೊಡ್ಡ ಶಾಲೆಯವರು ನೋಡಿ ಖುಷಿಪಟ್ಟದ್ದನ್ನೇ ಜಾಸ್ತಿ ಹೇಳಿದರು.

ನಿಮ್ಮದು ದೊಡ್ಡ ಶಾಲೆ. ಅದನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಆದರೆ ಕೆಲಸವನ್ನು ಚೂರು ಚೂರು ಮಾಡಿ ಹಂಚಬಹುದು. ಈಗ ನಿರೂಪಣೆಗೆ ಒಬ್ಬಳೇ ಹುಡುಗಿ ಇದ್ದಾಳೆ ತಾನೇ, ಪ್ರತಿ ವರ್ಷ ಅವಳೇ, ಯಾಕೆಂದರೆ ಅವಳು ತಪ್ಪು ಮಾಡುವುದಿಲ್ಲ. ಆ ಕೆಲಸವನ್ನು ಇಪ್ಪತ್ತು ಮಕ್ಕಳಿಗೆ ಹಂಚಿ, ಒಬ್ಬೊಬ್ಬರು ಒಂದೊಂದು ಐಟಂ ಹೇಳಲಿ. ತಪ್ಪಾಗುತ್ತದೆ, ಆಗಲಿ ಬಿಡಿ. ಪರದೆ, ಲೈಟು, ಮೈಕು, ಬೆಂಚು ಹೊರುವುದು, ಬಂದವರನ್ನು ಕೂರಿಸುವುದು, ಫೋಟೊ, ಗೋಡೆ ಪತ್ರಿಕೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಆಟದ ಸ್ಕೋರು ಬರೆಯುವುದು, ಇವೆಲ್ಲವನ್ನೂ ಟೀಚರುಗಳೇ ಮಾಡಿಕೊಂಡು ಆಮೇಲೆ ಸುಸ್ತಾಯಿತು ಅಂತ ಕೂರುತ್ತೇವೆ.

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಇದ್ದ. ಯಾವ ಪಟ್ಟಿಯಲ್ಲೂ ಅವನ ಹೆಸರು ಬಂದದ್ದಿಲ್ಲ. ಪರದೆ ಎಳೆಯುವವನಿಗೆ ಜ್ವರ ಬಂದು ಅವನನ್ನು ನಿಲ್ಲಿಸಿದೆವು, ಅಷ್ಟೇ, ಬೇರೆ ಯಾವ ದೊಡ್ಡ ಯೋಚನೆಯೂ ಅದರ ಹಿಂದೆ ಇರಲಿಲ್ಲ. ಅವನು ಹಿಂದಿನ ದಿನ ಸಂಜೆ ಒಬ್ಬನೇ ಉಳಿದು ಪರದೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡಿ, ಹಗ್ಗಕ್ಕೆ ಎರಡು ಕಡೆ ಕೆಂಪು ದಾರ ಕಟ್ಟಿದ್ದ. ಒಂದು ಅರ್ಧ ತೆರೆಯುವುದಕ್ಕೆ, ಇನ್ನೊಂದು ಪೂರ್ತಿ. ಮುಂದಿನ ವರ್ಷ ಅವನು ಯಾರೂ ಹೇಳದೆ ಎಂಟನೇ ತರಗತಿಯವನೊಬ್ಬನನ್ನು ಕರೆದುಕೊಂಡು ಬಂದು ಆ ದಾರದ ಗುಟ್ಟು ಹೇಳಿಕೊಡುತ್ತಿದ್ದ. ಅವನಿಗೆ ಸರ್ಟಿಫಿಕೇಟ್ ಕೊಟ್ಟಿದ್ದೆವಾ ಅಂತ ನೆನಪಿಲ್ಲ. ಬಹುಶಃ ಇಲ್ಲ. ಆ ಮಟ್ಟಿಗೆ ನಾವೂ ದಡ್ಡರೇ.

ಇನ್ನು ಬಹುಮಾನ. ಒಂದೇ ದಿನ ರಾಶಿ ಹಾಕಬೇಡಿ. ವರ್ಷವಿಡೀ, ಬೆಳಗಿನ ಅಸೆಂಬ್ಲಿಯಲ್ಲಿ, ವಾರಕ್ಕೆ ಒಂದೋ ಎರಡೋ ಸಾಕು. ಕೊಡುವಾಗ ಆ ಮಗು ಏನು ಮಾಡಿತು ಅಂತ ಒಂದು ವಾಕ್ಯ ಹೇಳಿ. 'ಉತ್ತಮ ವಿದ್ಯಾರ್ಥಿ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಲ್ಯಾಬಿನ ಒಡೆದ ಸೂಕ್ಷ್ಮದರ್ಶಕವನ್ನು ಮೂರು ದಿನ ಕೂತು ಸರಿಮಾಡಿದ' ಅಂದರೆ ಹಿಂದಿನ ಸಾಲಿನವರೂ ಕತ್ತು ಎತ್ತಿ ನೋಡುತ್ತಾರೆ.

ಪ್ರಶ್ನೆ: ಮುಖ್ಯ ಅತಿಥಿಗಳ ಭಾಷಣ ಎಷ್ಟು ಹೊತ್ತು ಇರಬೇಕು?

ಉತ್ತರ: ಮೊದಲ ಸಾಲಿನ ಮಕ್ಕಳು ತಮ್ಮ ಶೂ ಲೇಸ್ ಬಿಚ್ಚಿ ಕಟ್ಟಲು ಶುರು ಮಾಡುವವರೆಗೆ.

ಪ್ರಶ್ನೆ: ನನ್ನ ಮಗಳಿಗೆ ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಮನೆಗೆ ಬಂದವಳು ಮೂರು ದಿನ ಮಾತಾಡಲಿಲ್ಲ. ಮೂರನೇ ಬಹುಮಾನ ಬಂದ ಅವಳ ಗೆಳತಿ ಕುಣಿಯುತ್ತಿದ್ದಾಳೆ. ನಾವು ಮಗಳನ್ನು ತಪ್ಪಾಗಿ ಬೆಳೆಸಿದ್ದೇವಾ?

ಉತ್ತರ: ಇಲ್ಲಮ್ಮ, ನಿಮ್ಮ ಮಗಳು ಒಲಿಂಪಿಕ್ಸ್‌ಗೆ ಹೋದವರ ಸಾಲಿನಲ್ಲೇ ಇದ್ದಾಳೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋಗಳನ್ನು ಇಟ್ಟುಕೊಂಡು ಮೂವರು ಸಂಶೋಧಕರು ಒಂದು ಅಧ್ಯಯನ ಮಾಡಿದರು, 1995ರಲ್ಲಿ ಅದು ಪ್ರಕಟವಾಯಿತು. ಫಲಿತಾಂಶ ಗೊತ್ತಾದ ಕ್ಷಣದಲ್ಲಿ ಆಟಗಾರರ ಮುಖ ಹೇಗಿತ್ತು ಅಂತ ನೋಡಿ ಹತ್ತಕ್ಕೆ ಅಂಕ ಕೊಡಿ ಅಂತ ಕೆಲವರಿಗೆ ಹೇಳಿದರು. ಬೆಳ್ಳಿ ಗೆದ್ದವರ ಖುಷಿಗೆ ಸಿಕ್ಕಿದ್ದು ಸರಾಸರಿ 4.8. ಕಂಚು ಗೆದ್ದವರಿಗೆ 7.1! ಬೆಳ್ಳಿಯವರ ಕಣ್ಣು ಮೇಲಿನ ಮೆಟ್ಟಿಲ ಮೇಲೆ, ಛೆ ಸ್ವಲ್ಪದರಲ್ಲಿ ತಪ್ಪಿತು ಅಂತ. ಕಂಚಿನವರು ಕೆಳಗೆ ನೋಡುತ್ತಾರೆ, ಅಬ್ಬಾ, ಸ್ವಲ್ಪದರಲ್ಲಿ ಬರಿಗೈ ಆಗುತ್ತಿತ್ತು ಅಂತ.

ಆದ್ದರಿಂದ 'ಎರಡನೇದು ಬಂದಿದೆಯಲ್ಲ, ಖುಷಿಪಡು' ಅಂತ ಒತ್ತಾಯ ಮಾಡಬೇಡಿ. ಅವಳಿಗೆ ನೋವಾಗಿದೆ, ಆಗಲಿ. ನಾಲ್ಕೈದು ದಿನ ಬಿಟ್ಟು ಒಂದು ಪ್ರಶ್ನೆ ಕೇಳಿ, 'ಎದುರಿನವರು ಹೇಳಿದ್ದರಲ್ಲಿ ನಿನಗೆ ಉತ್ತರ ಹೊಳೆಯದೇ ಇದ್ದದ್ದು ಯಾವುದು?' ಅಂತ. ಚರ್ಚೆಯ ರುಚಿ ಹತ್ತಿದ ಹುಡುಗಿಯಾಗಿದ್ದರೆ ಆ ಉತ್ತರ ಅವಳ ಬಾಯಿ ತುದಿಯಲ್ಲೇ ಇರುತ್ತದೆ. ಮೂರು ದಿನ ಅವಳು ಅದನ್ನೇ ಯೋಚಿಸಿರುತ್ತಾಳೆ.

ಪ್ರಶ್ನೆ: ಪೂರ್ತಿ ಹಾಜರಾತಿ ಇದ್ದವರಿಗೆ ಬಹುಮಾನ ಇಟ್ಟಿದ್ದೇವೆ. ನಾನು ಹೆಡ್‌ಮಾಸ್ಟರ್. ಇದರಿಂದ ಹಾಜರಾತಿ ಏರುತ್ತದೆ ಅಂತ ನನ್ನ ನಂಬಿಕೆ, ಆದರೆ ಹಾಗೆ ಆದಂತೆ ಕಾಣುತ್ತಿಲ್ಲ. ಏನು ತಪ್ಪಾಗಿದೆ?

ಉತ್ತರ: ಸರ್, ಈ ಬಹುಮಾನ ಕೇಳಲು ಬಹಳ ಚೆಂದ. ಇದನ್ನು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಮಟ್ಟದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಆರರಿಂದ ಹನ್ನೆರಡನೇ ತರಗತಿಯವರೆಗಿನ 15,329 ಮಕ್ಕಳು. ಕೆಲವರಿಗೆ 'ಮುಂದಿನ ತಿಂಗಳು ಒಂದು ದಿನವೂ ತಪ್ಪಿಸದಿದ್ದರೆ ಪ್ರಶಸ್ತಿ' ಅಂತ ಮೊದಲೇ ಹೇಳಿದರು. ಏನೂ ವ್ಯತ್ಯಾಸ ಆಗಲಿಲ್ಲ. ಇನ್ನು ಕೆಲವರಿಗೆ ಹಿಂದೆ ಯಾವುದೋ ತಿಂಗಳು ತಪ್ಪಿಸದೇ ಬಂದದ್ದಕ್ಕೆ ಅಂತ ಇದ್ದಕ್ಕಿದ್ದಂತೆ ಪ್ರಶಸ್ತಿ ಕೊಟ್ಟರು. ಅವರು ಮುಂದಿನ ತಿಂಗಳು ಉಳಿದವರಿಗಿಂತ ಜಾಸ್ತಿ ರಜೆ ಹಾಕಿದರು! ಪ್ರಶಸ್ತಿ ಕೊಟ್ಟಾಗ ಮಗುವಿಗೆ ಕೇಳಿಸಿದ್ದು ಏನು ಅಂತ ಯೋಚಿಸಿ. 'ನೀನು ನಿನ್ನ ಸ್ನೇಹಿತರಿಗಿಂತ ಜಾಸ್ತಿ ಬಂದಿದ್ದೀಯ, ನಾವು ಕೇಳಿದ್ದಕ್ಕಿಂತಲೂ ಜಾಸ್ತಿ ಬಂದಿದ್ದೀಯ.' ಓಹೋ, ಹಾಗಾದರೆ ಒಂದು ದಿನ ತಪ್ಪಿಸಿದರೂ ನಡೆಯುತ್ತದೆ ಅಂತ ಅದು ಅರ್ಥ ಮಾಡಿಕೊಂಡಿತು. ಸಂಶೋಧಕರು ಕೊಡುವ ಕಾರಣವೂ ಹೆಚ್ಚೂಕಡಿಮೆ ಇದೇ.

ನನ್ನ ಆಕ್ಷೇಪ ಬೇರೆಯೂ ಇದೆ. ಪೂರ್ತಿ ಹಾಜರಾತಿ ಅಂದರೆ ಬಹಳ ಸಲ ಆರೋಗ್ಯಕ್ಕೆ ಕೊಟ್ಟ ಬಹುಮಾನ, ಇಲ್ಲವೇ ಮನೆಯಲ್ಲಿ ಕಾಯಿಲೆಯವರು ಇಲ್ಲದ್ದಕ್ಕೆ ಕೊಟ್ಟ ಬಹುಮಾನ. ಆಸ್ತಮಾ ಇರುವ ಹುಡುಗಿ ಏನು ಮಾಡಬೇಕು? ಜ್ವರದಲ್ಲೂ ಬಂದು ಇಡೀ ಕ್ಲಾಸಿಗೆ ಹಂಚುವ ಹುಡುಗ ಬೇಕಾ ನಿಮಗೆ? ಅದಕ್ಕಿಂತ ಎರಡು ದಿನ ಬರದಿದ್ದ ಮಗು ಮೂರನೇ ದಿನ ಬಂದಾಗ ಬಾಗಿಲಲ್ಲಿ ನಿಂತು 'ನಿನ್ನೆ ನೀನು ಇಲ್ಲದೆ ನಿಮ್ಮ ಗುಂಪಿನವರು ಪರದಾಡಿದರು' ಅಂತ ಹೇಳಿ. ಅದು ಸುಳ್ಳಾಗಬಾರದು ಅಂದರೆ ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಅವನ ಕೈಲಿ ಒಂದು ಕೆಲಸ ಇರಬೇಕು, ಅಷ್ಟೇ.

ಪ್ರಶ್ನೆ: ಲೈಬ್ರರಿಯಲ್ಲಿ ಜಾಸ್ತಿ ಪುಸ್ತಕ ಓದಿದವರಿಗೆ ಕಪ್ ಕೊಡಬಹುದಾ?

ಉತ್ತರ: ಓದುವ ಚಟ ಈಗಾಗಲೇ ಇರುವವರಿಗೆ ಕೊಡಬೇಡಿ, ಕೆಟ್ಟುಹೋಗುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ಪ್ರಾಣ ಅನ್ನುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ 'ಬರೆದರೆ ಚಿನ್ನದ ಬಣ್ಣದ ಸೀಲು ಇರುವ ಸರ್ಟಿಫಿಕೇಟ್ ಕೊಡುತ್ತೇವೆ' ಅಂತ ಮೊದಲೇ ಆಸೆ ತೋರಿಸಿದರು. ಕೆಲವು ದಿನಗಳ ನಂತರ ಸುಮ್ನೆ ಬಿಟ್ಟು ನೋಡಿದಾಗ ಆ ಮಕ್ಕಳು ಬಣ್ಣದ ಪೆನ್ನು ಹಿಡಿದದ್ದು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ. ಮೊದಲು ಹೇಳದೆ ಆಮೇಲೆ ಕೊಟ್ಟ ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಇನ್ನೂ ಪುಟ್ಟವರು, ಹೈಸ್ಕೂಲಿನವರಲ್ಲ, ನಿಜ. ಆದರೂ ಕಪ್ ಇಟ್ಟರೆ ನಿಮ್ಮ ಲೈಬ್ರರಿಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬಲ್ಲೆ. ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ.

ಅದರ ಬದಲು ಓದಿದ್ದನ್ನು ಹೇಳಲು ಒಂದು ಜಾಗ ಕೊಡಿ. ಪುಸ್ತಕದ ಒಳಗೆ ಒಂದು ಚೀಟಿ ಅಂಟಿಸಿ, ಓದಿದವರು ಎರಡು ಸಾಲು ಬರೆಯಲಿ, ಮುಂದೆ ಓದುವವರಿಗೆ. 'ಮೊದಲ ಐವತ್ತು ಪುಟ ಬೋರು, ಸಹಿಸಿಕೋ' ಅಂತ ಬರೆದರೂ ಬಿಡಿ, ಅಳಿಸಬೇಡಿ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ವಿಜ್ಞಾನ ಪ್ರದರ್ಶನದಲ್ಲಿ ನನ್ನ ಮಾಡೆಲ್‌ಗೆ ಬಹುಮಾನ ಬಂದಿದೆ. ಸ್ಟೇಜ್ ಮೇಲೆ ಬಂದು ಎರಡು ನಿಮಿಷ ಮಾತಾಡಬೇಕು ಅಂದಿದ್ದಾರೆ. ನೆನೆಸಿಕೊಂಡರೇ ಕೈಕಾಲು ನಡುಗುತ್ತದೆ. ಬಹುಮಾನ ಬೇಡ ಅಂದುಬಿಡಲಾ?

ಉತ್ತರ: ಪುಟ್ಟಾ, ಬಹುಮಾನ ಬೇಡ ಅನ್ನಬೇಡ, ಮಾತು ಬೇಡ ಅನ್ನುವ ಹಕ್ಕು ನಿನಗಿದೆ. ನಿನ್ನ ಟೀಚರ್ ಹತ್ತಿರ ನೇರವಾಗಿ ಹೇಳು, 'ಸ್ಟೇಜ್ ಮೇಲೆ ಬೇಡ, ಮಾಡೆಲ್ ಪಕ್ಕದಲ್ಲೇ ನಿಂತು ಬಂದವರಿಗೆ ತೋರಿಸುತ್ತೇನೆ' ಅಂತ. ಒಳ್ಳೆಯ ಟೀಚರ್ ಆದರೆ ಒಪ್ಪುತ್ತಾರೆ. ನಿಜ ಹೇಳಬೇಕೆಂದರೆ ಮಾಡೆಲ್ ನೋಡಲು ಬಂದವರಿಗೂ ಅದೇ ಬೇಕಾಗಿರುವುದು.

ಆದರೆ ಒಳಗೊಳಗೆ ಮಾತಾಡಬೇಕು ಅಂತ ಆಸೆ ಇದ್ದರೆ, ಒಂದು ಚಿಕ್ಕ ಉಪಾಯ ಇದೆ. ಎಲ್ಲರೂ ನಿನಗೆ 'ಹೆದರಬೇಡ, ಸಮಾಧಾನ ಮಾಡಿಕೋ' ಅಂತಾರೆ ಅಲ್ವಾ. ಅದು ಅಷ್ಟು ಸುಲಭ ಅಲ್ಲ. ಎದೆ ಡವಡವ ಅನ್ನುವಾಗ ಸಮಾಧಾನ ಅನ್ನುವುದು ಬಹಳ ದೂರ ಇರುತ್ತದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೋ ಹಾಡಿಗೋ ಮುಂಚೆ 'ನನಗೆ ಭಾರಿ ಉತ್ಸಾಹ ಆಗುತ್ತಿದೆ' ಅಂತ ಜೋರಾಗಿ ಹೇಳಿಕೊಂಡವರು, ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳಲು ಹೋದವರಿಗಿಂತ ಚೆನ್ನಾಗಿ ಮಾಡಿದರು. ಭಯದಲ್ಲೂ ಉತ್ಸಾಹದಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ತರಹ. ಹೆಸರು ಬದಲಾಯಿಸಿದರೆ ಸಾಕು. ಇನ್ನೊಂದು, ಮೊದಲ ವಾಕ್ಯ ಮಾತ್ರ ಬಾಯಿಪಾಠ ಮಾಡು. 'ಇದು ಮೊದಲ ಮೂರು ಸಲ ಕೆಲಸ ಮಾಡಲಿಲ್ಲ' ಅಂತ ಶುರುಮಾಡು. ಮುಂದೆ ಯಾಕೆ ಮಾಡಲಿಲ್ಲ ಅಂತ ಹೇಳುವಾಗ ನಿನಗೇ ಮಾತು ಬರುತ್ತದೆ, ನೋಡು.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಮೇಷ್ಟ್ರು. ಹೊಗಳಬೇಕು ಅಂತಾರೆ, ಹೊಗಳಿದರೆ ಮಕ್ಕಳು ಕೆಡುತ್ತಾರೆ ಅಂತಲೂ ಅಂತಾರೆ. ಏನು ಮಾಡಲಿ?

ಉತ್ತರ: ಹೊಗಳಿ, ಆದರೆ 'ಜಾಣ' ಅನ್ನುವ ಪದವನ್ನು ಸ್ವಲ್ಪ ದಿನ ಡ್ರಾಯರಿನಲ್ಲಿ ಇಡಿ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮೊದಲ ಲೆಕ್ಕಗಳನ್ನು ಬಿಡಿಸಿದ ಮೇಲೆ ಕೆಲವರಿಗೆ 'ನೀನು ಜಾಣ' ಅಂದರು, ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟೆ' ಅಂದರು. ಮುಂದೆ ಕಷ್ಟದ ಲೆಕ್ಕ ಬಂದು ಎಡವಿದಾಗ 'ಜಾಣ'ರು ಬೇಗ ಕೈಚೆಲ್ಲಿದರು. ನನ್ನನ್ನು ತಟ್ಟಿದ್ದು ಇನ್ನೊಂದು ವಿಷಯ. ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಸುಳ್ಳು ಅಂಕ ಬರೆದರು. ಪಾಪ, ಜಾಣ ಅನ್ನುವ ಪಟ್ಟ ಉಳಿಸಿಕೊಳ್ಳಬೇಕಲ್ಲ.

ಆದರೆ ಇಲ್ಲೂ ಒಂದು ಹೊಂಡ ಇದೆ. 'ಕಷ್ಟಪಟ್ಟೆ' ಅನ್ನುವುದನ್ನೂ ಎಲ್ಲರಿಗೂ ಹೇಳಲು ಶುರು ಮಾಡಿದರೆ, ಕಷ್ಟಪಡದೇ ಇದ್ದವನಿಗೆ ನೀವು ನೋಡಿಯೇ ಇಲ್ಲ ಅಂತ ತಿಳಿದುಹೋಗುತ್ತದೆ. ನೋಡಿದ್ದನ್ನು ಹೇಳಿ. 'ಎರಡನೇ ಪ್ಯಾರಾ ಹೊಡೆದುಹಾಕಿ ಮತ್ತೆ ಬರೆದಿದ್ದೀಯಲ್ಲ, ಈಗ ಸರಿಯಾಗಿದೆ.' ಇಷ್ಟು ಹೇಳಲು ಪ್ರಬಂಧ ಓದಿರಬೇಕಾಗುತ್ತದೆ. ನಲವತ್ತು ಮಕ್ಕಳದ್ದೂ ಒಂದೇ ದಿನ ಆಗುವುದಿಲ್ಲ, ದಿನಕ್ಕೆ ಮೂವರು ಸಾಕು, ಯಾರಿಗೆ ಹೇಳಿದೆ ಅಂತ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಮೊದಲ ಬೆಂಚಿನವರಿಗೇ ತಿರುಗಿ ತಿರುಗಿ ಹೇಳುತ್ತಿರುತ್ತೀರಿ. ನಾನು ಮೂರು ವರ್ಷ ಹಾಗೆ ಮಾಡಿದ್ದೆ.

ಪ್ರಶ್ನೆ: ಕ್ರೀಡಾಕೂಟದಲ್ಲಿ ಯಾವಾಗಲೂ ಅದೇ ಮಕ್ಕಳು ಗೆಲ್ಲುತ್ತಾರೆ. ನಾನು ಪಿಟಿ ಮೇಷ್ಟ್ರು. ಉಳಿದವರು ಹೆಸರು ಕೊಡುವುದನ್ನೇ ನಿಲ್ಲಿಸಿದ್ದಾರೆ.

ಉತ್ತರ: ಸರ್, ಒಂದು ಕೆಲಸ ಮಾಡಿ. ಗೆದ್ದವರ ಹುಟ್ಟಿದ ತಿಂಗಳು ತೆಗೆದು ನೋಡಿ. ಕೆನಡಾದಲ್ಲಿ ರೋಜರ್ ಬಾರ್ನ್ಸ್‌ಲಿ ಅನ್ನುವವರು ಐಸ್ ಹಾಕಿ ಆಟಗಾರರ ಪಟ್ಟಿ ಹಿಡಿದು ಹೀಗೇ ನೋಡಿದರು, 1985ರಲ್ಲಿ ಬರೆದರು. ಅಲ್ಲಿ ವಯಸ್ಸಿನ ಗುಂಪು ಮಾಡಲು ಜನವರಿ 1 ಗಡಿ. ಒಳ್ಳೆಯ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ತುಂಬಿದ್ದರು, ವರ್ಷದ ಕೊನೆಯಲ್ಲಿ ಹುಟ್ಟಿದವರು ಬಹಳ ಕಡಿಮೆ. ಒಂದೇ ಗುಂಪಿನಲ್ಲಿದ್ದರೂ ಹನ್ನೊಂದು ತಿಂಗಳು ದೊಡ್ಡವನು ಎತ್ತರ ಇರುತ್ತಾನೆ, ಅವನನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ, ತಂಡದಲ್ಲಿದ್ದಾನೆ ಅಂತ ಜಾಸ್ತಿ ಅಭ್ಯಾಸ ಸಿಗುತ್ತದೆ, ಆಮೇಲೆ ಅವನು ನಿಜಕ್ಕೂ ಚೆನ್ನಾಗಿ ಆಡುತ್ತಾನೆ, ಆಗ ನಾವು 'ಹುಟ್ಟು ಪ್ರತಿಭೆ' ಅಂತ ಭಾಷಣ ಮಾಡುತ್ತೇವೆ. ಹದಿಮೂರು ಹದಿನಾಲ್ಕರಲ್ಲಂತೂ ಕೇಳಲೇಬೇಡಿ, ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನಿಗೆ ಇನ್ನೂ ಚಿಕ್ಕ ಹುಡುಗನ ದನಿ.

ಓಟದ ಪಂದ್ಯ ಇರಲಿ, ತೆಗೆಯಬೇಡಿ, ವೇಗವಾಗಿ ಓಡುವವರಿಗೂ ಅವರ ದಿನ ಬೇಕು. ಅದರ ಜೊತೆಗೆ ತಮ್ಮದೇ ಹಿಂದಿನ ಸಮಯವನ್ನು ಎಷ್ಟು ಸೆಕೆಂಡು ಇಳಿಸಿದರು ಅಂತ ಲೆಕ್ಕ ಇಡಿ. ತರಗತಿಯ ಎಲ್ಲರೂ ಓಡಲೇಬೇಕಾದ ದೊಡ್ಡ ರಿಲೇ ಒಂದು ಇಡಿ. ಅದರಲ್ಲಿ ಹಿಂದೆ ಬೀಳುವವನನ್ನು ಬೈಯುತ್ತಾರೆ ಅಂತ ನನಗೂ ಭಯ ಇತ್ತು. ನಮ್ಮಲ್ಲಿ ಬೈದರು ಕೂಡ, ಮೊದಲ ವರ್ಷ. ಎರಡನೇ ವರ್ಷ ನಿಧಾನ ಓಡುವವರನ್ನು ಯಾವ ಜಾಗದಲ್ಲಿ ನಿಲ್ಲಿಸಬೇಕು ಅಂತ ಮಕ್ಕಳೇ ಕಾಗದದ ಮೇಲೆ ಪ್ಲ್ಯಾನ್ ಮಾಡುತ್ತಿದ್ದರು.

ಪ್ರಶ್ನೆ: ಮಗಳ ಫೋಟೊ ಮತ್ತು ಅಂಕ ಎರಡನ್ನೂ ಶಾಲೆಯವರು ಎಲ್ಲಾ ಕಡೆ ಹಾಕಿದ್ದಾರೆ. ನಮಗೆ ಹೆಮ್ಮೆ. ಅವಳಿಗೆ ಕೋಪ. ಮಗುವಿಗೇಕೆ ಇಷ್ಟು ಹಟ?

ಉತ್ತರ: ಹಟ ಅಲ್ಲ, ಮುಖ ಅವಳದ್ದು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು, ದೊಡ್ಡವರು ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ. 16ನೇ ವಿಧಿ ಮಗುವಿನ ಖಾಸಗಿತನದ್ದು. ಹಾಕುವ ಮುಂಚೆ 'ಹಾಕಲಾ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈಗಲೂ ತೆಗೆಸಬಹುದು. ನೀವೇ ಹೋಗಿ ಕೇಳಿ, ಅವಳನ್ನು ಕಳಿಸಬೇಡಿ.

ಪ್ರಶ್ನೆ: ನನ್ನ ಮಗ ದಿನವಿಡೀ ಏನೋ ಒಂದನ್ನು ಬಿಚ್ಚಿ ಜೋಡಿಸುತ್ತಿರುತ್ತಾನೆ. ಶಾಲೆಯ ಯಾವ ಬಹುಮಾನದ ಪಟ್ಟಿಯಲ್ಲೂ ಅದಕ್ಕೆ ಜಾಗ ಇಲ್ಲ. ಅವನ ಸಾಧನೆಯನ್ನು ಯಾರು ಗುರುತಿಸಬೇಕು?

ಉತ್ತರ: ಲೂಯಿ ಬ್ರೈಲ್‌ನನ್ನು ನೆನಪಿಸಿಕೊಳ್ಳಿ. ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಯ ಹುಡುಗ. ಚುಕ್ಕಿಗಳಲ್ಲಿ ಓದುವ ಬರೆಯುವ ಪದ್ಧತಿಯನ್ನು 1824ರಲ್ಲಿ ರೂಪಿಸಿದಾಗ ಅವನಿಗೆ 15 ವರ್ಷ. ಜೊತೆಯ ಹುಡುಗರು ಅದನ್ನು ಕಲಿತು ಬಳಸಿದರು. ಶಾಲೆ ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷ ಆದ ಮೇಲೆ. ಅವನು ಅದೇ ಶಾಲೆಯಲ್ಲಿ ಮೇಷ್ಟ್ರೂ ಆಗಿದ್ದ, ಅಂದರೆ ಕಣ್ಣೆದುರೇ ಇದ್ದ!

ನಿಮ್ಮ ಮಗ ಬ್ರೈಲ್ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ, ಆ ಭಾರ ಅವನ ತಲೆ ಮೇಲೆ ಹಾಕಬೇಡಿ. ಅಲ್ಲಿ ಮೊದಲು ಗುರುತಿಸಿದ್ದು ಅದನ್ನು ಬಳಸಿದ ಗೆಳೆಯರು, ಅದನ್ನು ನೋಡಿ. ನಿಮ್ಮ ಮಗ ಬಿಚ್ಚಿ ಜೋಡಿಸುವುದು ಬೇರೆ ಯಾರಿಗಾದರೂ ಉಪಯೋಗಕ್ಕೆ ಬರುವ ಹಾಗೆ ದಾರಿ ಮಾಡಿಕೊಡಿ. ಶಾಲೆಯಲ್ಲಿ ಕೆಟ್ಟ ಫ್ಯಾನು, ನಿಂತ ಗಡಿಯಾರ, ಕಿರುಗುಟ್ಟುವ ಬಾಗಿಲು ಬೇಕಾದಷ್ಟು ಇರುತ್ತವೆ. ಕರೆಂಟಿನ ಕೆಲಸಕ್ಕೆ ಮಾತ್ರ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಪ್ರಶ್ನೆ: ನಮ್ಮ ಕ್ಲಾಸಿನಲ್ಲಿ ಮೂರು ಗುಂಪು. ಒಬ್ಬರ ಮುಖ ಇನ್ನೊಬ್ಬರಿಗೆ ಆಗುವುದಿಲ್ಲ. ಫಂಕ್ಷನ್ ದಿನ ಎಲ್ಲರೂ ಒಟ್ಟಿಗೆ ಕುಣಿಯುತ್ತಾರೆ, ಮಾರನೇ ದಿನ ಮತ್ತೆ ಅದೇ ಕಥೆ. (ಕ್ಲಾಸ್ ಟೀಚರ್ ಒಬ್ಬರು)

ಉತ್ತರ: ಒಂದು ದಿನದ ಕುಣಿತದಿಂದ ಅಷ್ಟೇ ಸಿಗುವುದು. ಪಾಠದೊಳಗೇ ಕೈ ಹಾಕಬೇಕು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳನ್ನು ಮೊದಲ ಸಲ ಒಂದೇ ತರಗತಿಯಲ್ಲಿ ಕೂರಿಸಿದಾಗ ದಿನಾ ಹೊಡೆದಾಟ. ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಆಗ ಒಂದು ಉಪಾಯ ಮಾಡಿದರು. ಐದಾರು ಮಕ್ಕಳ ಮಿಶ್ರ ಗುಂಪು ಮಾಡಿ, ಪಾಠವನ್ನೂ ಅಷ್ಟೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದು ತುಂಡು ಕೊಟ್ಟರು. ಒಂದೇ ತುಂಡು ಸಿಕ್ಕ ಮಕ್ಕಳು ಬೇರೆ ಬೇರೆ ಗುಂಪಿನಿಂದ ಬಂದು ಒಟ್ಟಿಗೆ ಕೂತು ಅದನ್ನು ಅರೆದು ಕುಡಿಯಬೇಕು, ಆಮೇಲೆ ತಮ್ಮ ಗುಂಪಿಗೆ ವಾಪಸ್ ಹೋಗಿ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಆಗ ಪಕ್ಕದವನು ತಡವರಿಸಿದರೆ ನಗಲು ಆಗುವುದಿಲ್ಲ, ಅವನ ಬಾಯಿಯಿಂದ ಬರಬೇಕಾದ್ದು ನಿಮಗೆ ಬೇಕು. ಕೆಣಕುವುದನ್ನು ಬಿಟ್ಟು ಪ್ರಶ್ನೆ ಕೇಳಿ ಕೇಳಿ ಹೊರಗೆ ತೆಗೆಯಬೇಕು.

ನಾನು ಇದನ್ನು ಮಾಡಿ ನೋಡಿದ್ದೇನೆ. ಮೊದಲ ಎರಡು ವಾರ ಗಲಾಟೆಯೋ ಗಲಾಟೆ, ಪಕ್ಕದ ಕ್ಲಾಸಿನವರು ದೂರು ಕೊಟ್ಟರು. ವಾರಕ್ಕೆ ಒಂದೇ ಪಾಠ ಹೀಗೆ ಮಾಡಿ. ಗುಂಪು ನೀವೇ ಮಾಡಿ, ಅವರಿಗೆ ಬಿಡಬೇಡಿ, ಬಿಟ್ಟರೆ ಮತ್ತೆ ಆ ಮೂರು ಗುಂಪೇ.

ಪ್ರಶ್ನೆ: ನಾವು ಹಳೆ ವಿದ್ಯಾರ್ಥಿಗಳು. ಓದಿದ ಶಾಲೆಗೆ ಏನಾದರೂ ಕೊಡಬೇಕು ಅಂತಿದ್ದೇವೆ. ನಮ್ಮ ಹೆಸರಿನಲ್ಲಿ ಪ್ರತಿ ವರ್ಷ ಒಂದು ದೊಡ್ಡ ಕಪ್ ಅಂತ ತೀರ್ಮಾನ ಆಗಿದೆ. ಸರಿ ತಾನೇ?

ಉತ್ತರ: ಇಷ್ಟೆಲ್ಲಾ ಓದಿದ ಮೇಲೂ ಕಪ್ ಅಂತೀರಾ! ಕಪ್ ಇಡುವ ಬೀರು ತುಂಬಿ ಅದರ ಕೀಲಿ ಎಲ್ಲಿದೆ ಅಂತಲೇ ಗೊತ್ತಿಲ್ಲದ ಶಾಲೆಗಳನ್ನು ನಾನು ನೋಡಿದ್ದೇನೆ. ಮೊದಲು ಮಕ್ಕಳನ್ನೇ ಕೇಳಿ, ಟೀಚರುಗಳನ್ನಲ್ಲ. ಒಂದು ಡಬ್ಬಿ ಇಟ್ಟು ಚೀಟಿ ಹಾಕಲು ಹೇಳಿ. ಹುಡುಗಿಯರ ಶೌಚಾಲಯದ ಚಿಲಕ, ಮೈದಾನದ ಬಲೆ, ನೆರಳಿನಲ್ಲಿ ಕೂರಲು ಎರಡು ಬೆಂಚು, ಇಂಥದ್ದೇ ಬರುತ್ತದೆ ಅಂತ ನನ್ನ ಅಂದಾಜು.

ಹಣಕ್ಕಿಂತ ಜಾಸ್ತಿ ಬೇಕಾಗಿರುವುದು ನೀವು. ನಿಮ್ಮಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬರನ್ನೇ ಪ್ರತಿ ಸಲ ಕಳಿಸಬೇಡಿ. ಪರೀಕ್ಷೆಯಲ್ಲಿ ಫೇಲ್ ಆದವರು, ಗಾಡಿ ರಿಪೇರಿ ಅಂಗಡಿ ಇಟ್ಟವರು, ನರ್ಸ್ ಆದವರು, ಓದು ಅರ್ಧಕ್ಕೆ ಬಿಟ್ಟು ಮತ್ತೆ ಮುಗಿಸಿದವರು, ಇವರೆಲ್ಲ ಬನ್ನಿ. ಸ್ಟೇಜ್ ಹತ್ತಬೇಡಿ, ತರಗತಿಗೆ ಇಬ್ಬಿಬ್ಬರಂತೆ ಹೋಗಿ ಬೆಂಚಿನ ಮೇಲೆ ಕೂತು ಒಂದು ಪಿರಿಯಡ್ ಮಾತಾಡಿ. ನೀವು ಕೂರುತ್ತಿದ್ದ ಕೊನೇ ಬೆಂಚಿನಲ್ಲೇ ಶುರು ಮಾಡಿ, ಅಲ್ಲಿ ಈಗ ಕೂತಿರುವವರಿಗೆ ಕೇಳಲು ಬಹಳ ಪ್ರಶ್ನೆ ಇರುತ್ತವೆ.